ಮಹಾಜನ್ ವರದಿಯ ಹಿಂದಿನ ನ್ಯಾಯಮೂರ್ತಿ

ಮೆಹರ್ ಚಂದ್ ಮಹಾಜನ್ (1889–1967) ಭಾರತದ ಮೂರನೆಯ ಮುಖ್ಯ ನ್ಯಾಯಮೂರ್ತಿ. ಬೆಳಗಾವಿ ಜಿಲ್ಲೆಯಲ್ಲಿ ಅವರ ಹೆಸರು ಕೇಳದ ಊರಿಲ್ಲ. ಕರ್ನಾಟಕ–ಮಹಾರಾಷ್ಟ್ರ ಗಡಿಯ ಮಾತು ಎದ್ದಾಗಲೆಲ್ಲ ‘ಮಹಾಜನ್ ವರದಿಯೇ ಅಂತಿಮ’ ಎಂಬ ಘೋಷಣೆ ಸಂಕೇಶ್ವರದ ಬಸ್ ನಿಲ್ದಾಣದಿಂದ ವಿಧಾನಮಂಡಲದವರೆಗೆ ಕೇಳಿಬರುತ್ತದೆ. ಆದರೆ ಆ ಹೆಸರಿನ ಮನುಷ್ಯ ಯಾರು, ಎಲ್ಲಿಯವರು, ಗಡಿಯ ಕೆಲಸ ಕೈಗೆತ್ತಿಕೊಳ್ಳುವ ಮುನ್ನ ಏನು ಮಾಡಿದ್ದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಬೆಳಗಾವಿ, ಖಾನಾಪುರ, ಚಿಕ್ಕೋಡಿ, ಹುಕ್ಕೇರಿ, ಅಥಣಿ ತಾಲ್ಲೂಕುಗಳ ಹಳ್ಳಿಗಳು ಯಾವ ರಾಜ್ಯದಲ್ಲಿರಬೇಕು ಎಂದು ತೂಗಿ ನೋಡಿದ್ದು ಅವರ ಕೊನೆಯ ಸಾರ್ವಜನಿಕ ಕೆಲಸ. ವರದಿ ಒಪ್ಪಿಸಿ ನಾಲ್ಕು ತಿಂಗಳು ತುಂಬುವ ಮೊದಲೇ, 1967ರ ಡಿಸೆಂಬರ್ 11ರಂದು, ಅವರು ತೀರಿಕೊಂಡರು.

ಮಹಾಜನ್ ಹುಟ್ಟಿದ್ದು 1889ರ ಡಿಸೆಂಬರ್ 23ರಂದು, ಆಗಿನ ಪಂಜಾಬ್ ಪ್ರಾಂತ್ಯದ ಕಾಂಗ್ಡಾ ಜಿಲ್ಲೆಯ ನಗ್ರೋಟಾದಲ್ಲಿ. ಈಗ ಅದು ಹಿಮಾಚಲ ಪ್ರದೇಶ. ತಂದೆ ವಕೀಲರು. ಮಗ ಲಾಹೋರಿನ ಗೌರ್ನಮೆಂಟ್ ಕಾಲೇಜಿನಲ್ಲಿ ಓದಿ, ಕಾನೂನು ಪದವಿ ಪಡೆದು ಅದೇ ದಾರಿ ಹಿಡಿದರು. ಮೊದಲು ಧರ್ಮಶಾಲೆ, ಕೆಲವು ವರ್ಷ ಗುರುದಾಸಪುರ, ಆಮೇಲೆ ಲಾಹೋರ್ ಹೈಕೋರ್ಟು. ಅಲ್ಲಿನ ವಕೀಲರ ಸಂಘಕ್ಕೆ ಅಧ್ಯಕ್ಷರಾಗಿದ್ದು, 1943ರಲ್ಲಿ ಅದೇ ಹೈಕೋರ್ಟಿನ ನ್ಯಾಯಾಧೀಶರಾದರು. ಇಷ್ಟರವರೆಗಿನದು ಆ ಕಾಲದ ಯಶಸ್ವಿ ವಕೀಲರೊಬ್ಬರ ಸಾಮಾನ್ಯ ಕಥೆ. 1946ರ ನಂತರದ್ದು ಹಾಗಲ್ಲ.

1946ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ರಾಯಲ್ ಇಂಡಿಯನ್ ನೇವಿಯ ನಾವಿಕರು ಬಂಡೆದ್ದರು. ಅದರ ವಿಚಾರಣೆಗೆ ನೇಮಕವಾದ ಆಯೋಗದಲ್ಲಿ ಮಹಾಜನ್ ಒಬ್ಬ ಸದಸ್ಯರು. ಅಧ್ಯಕ್ಷರು ಸಯ್ಯದ್ ಫಜಲ್ ಅಲಿ. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಬೆಳಗಾವಿಯ ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ಮರುವರ್ಷ ದೇಶ ವಿಭಜನೆಗೊಂಡಾಗ ಪಂಜಾಬನ್ನು ಎಲ್ಲಿ ಸೀಳಬೇಕೆಂದು ಹೇಳಲು ಸಿರಿಲ್ ರ‍್ಯಾಡ್‌ಕ್ಲಿಫ್ ಅಧ್ಯಕ್ಷತೆಯಲ್ಲಿ ಗಡಿ ಆಯೋಗ ನೇಮಕವಾಯಿತು. ಅದರ ನಾಲ್ವರು ಸದಸ್ಯರೂ ಹೈಕೋರ್ಟ್ ನ್ಯಾಯಾಧೀಶರೇ. ಭಾರತದ ಕಡೆಯಿಂದ ಮೆಹರ್ ಚಂದ್ ಮಹಾಜನ್ ಮತ್ತು ತೇಜಾ ಸಿಂಗ್, ಪಾಕಿಸ್ತಾನದ ಕಡೆಯಿಂದ ದೀನ್ ಮಹಮ್ಮದ್ ಮತ್ತು ಮಹಮ್ಮದ್ ಮುನೀರ್. ನಾಲ್ವರೂ ಕಾನೂನು ಅರೆದು ಕುಡಿದವರು. ಆದರೂ ಇಬ್ಬರು ಆಚೆ, ಇಬ್ಬರು ಈಚೆ ಎಂದು ಒಡೆದು ನಿಂತರು, ಗೆರೆ ಎಳೆಯುವ ಹೊಣೆ ರ‍್ಯಾಡ್‌ಕ್ಲಿಫ್ ಒಬ್ಬರ ಮೇಲೆಯೇ ಬಿತ್ತು. ಜನಸಂಖ್ಯೆಯ ಲೆಕ್ಕವೊಂದೇ ಸಾಲದು, ‘ಇತರ ಅಂಶ’ಗಳಿಗೂ ತೂಕ ಕೊಡಬೇಕೆಂಬುದು ಭಾರತದ ಕಡೆಯ ವಾದವಾಗಿತ್ತು. ಅದು ಲಾಹೋರಿನ ಮಟ್ಟಿಗೆ ನಡೆಯಲಿಲ್ಲ. ಮಹಾಜನ್ ಕಾಲು ಶತಮಾನ ವಕೀಲಿ ಮಾಡಿದ ನಗರ ಪಾಕಿಸ್ತಾನಕ್ಕೆ ಹೋಯಿತು. ಗುರುದಾಸಪುರ ಜಿಲ್ಲೆಯ ನಾಲ್ಕು ತಹಶೀಲುಗಳಲ್ಲಿ ಮೂರು ಭಾರತಕ್ಕೆ ಉಳಿದವು.

ಅದಾಗಿ ಎರಡೇ ತಿಂಗಳಿಗೆ, 1947ರ ಅಕ್ಟೋಬರ್ 15ರಂದು, ಮಹಾರಾಜ ಹರಿಸಿಂಗರ ಕೋರಿಕೆಯ ಮೇರೆಗೆ ಮಹಾಜನ್ ಜಮ್ಮು–ಕಾಶ್ಮೀರದ ಪ್ರಧಾನಮಂತ್ರಿಯಾದರು. ವಾರ ಕಳೆಯುವಷ್ಟರಲ್ಲಿ ಗಡಿಯಾಚೆಯಿಂದ ದಾಳಿಕೋರರು ನುಗ್ಗಿದರು. ಸೈನ್ಯ ಕಳಿಸಿರೆಂದು ದೆಹಲಿಯಲ್ಲಿ ನೆಹರೂ ಮತ್ತು ಪಟೇಲರ ಮುಂದೆ ಮಹಾಜನ್ ಪಟ್ಟು ಹಿಡಿದ ಪ್ರಸಂಗ ಅವರ ಆತ್ಮಕಥೆ ‘ಲುಕಿಂಗ್ ಬ್ಯಾಕ್’ನಲ್ಲಿ (1963) ವಿವರವಾಗಿ ಬಂದಿದೆ. ಅಕ್ಟೋಬರ್ 26ರಂದು ವಿಲೀನ ಪತ್ರಕ್ಕೆ ಸಹಿ ಬಿತ್ತು. ಮರುದಿನ ಭಾರತದ ಪಡೆ ಶ್ರೀನಗರದಲ್ಲಿ ಇಳಿಯಿತು. 1948ರ ಮಾರ್ಚಿನಲ್ಲಿ ಶೇಖ್ ಅಬ್ದುಲ್ಲಾ ಅಧಿಕಾರ ವಹಿಸಿಕೊಂಡಾಗ ಮಹಾಜನ್ ಆ ಹುದ್ದೆ ಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಫೆಡರಲ್ ಕೋರ್ಟಿಗೆ ನ್ಯಾಯಾಧೀಶರಾದರು. 1950ರ ಜನವರಿ 26ರಂದು ಅದೇ ಸುಪ್ರೀಂ ಕೋರ್ಟ್ ಆದಾಗ ಅದರ ಮೊದಲ ನ್ಯಾಯಮೂರ್ತಿಗಳಲ್ಲಿ ಅವರೂ ಒಬ್ಬರಾಗಿದ್ದರು.

ಸುಪ್ರೀಂ ಕೋರ್ಟಿನ ಅವರ ತೀರ್ಪುಗಳಲ್ಲಿ ಕನ್ನಡ ಓದುಗರಿಗೆ ಎರಡು ಹತ್ತಿರದವು. ಮೊದಲನೆಯದು 1950ರ ಎ.ಕೆ. ಗೋಪಾಲನ್ ಪ್ರಕರಣ. ಕಮ್ಯುನಿಸ್ಟ್ ನಾಯಕ ಗೋಪಾಲನ್ ಅವರನ್ನು ಮದರಾಸು ಸರ್ಕಾರ ಮುನ್ನೆಚ್ಚರಿಕೆಯ ಬಂಧನ ಕಾಯ್ದೆಯಡಿ ಸೆರೆಯಲ್ಲಿಟ್ಟಿತ್ತು. ಆರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಬಂಧನವನ್ನು ಎತ್ತಿಹಿಡಿದರು. ಒಪ್ಪದ ಇಬ್ಬರು ಫಜಲ್ ಅಲಿ ಮತ್ತು ಮಹಾಜನ್. ಇಬ್ಬರ ತರ್ಕ ಒಂದೇ ಅಲ್ಲ. ಫಜಲ್ ಅಲಿ ಮೂಲಭೂತ ಹಕ್ಕುಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಬೇಕೆಂದರು. ಮಹಾಜನ್ ಅಷ್ಟು ದೂರ ಹೋಗದೆ, ಸಲಹಾ ಮಂಡಳಿಯ ಮುಂದೆ ತರದೆಯೇ ದೀರ್ಘಕಾಲ ಸೆರೆಯಲ್ಲಿಡಲು ಅವಕಾಶ ಕೊಡುವ ಹನ್ನೆರಡನೆಯ ಕಲಮು ಸಂವಿಧಾನಕ್ಕೆ ಸರಿಹೊಂದುವುದಿಲ್ಲ ಎಂದರು. ಸರ್ಕಾರದ ಕೈಯಲ್ಲಿರುವ ಅಧಿಕಾರವನ್ನು ಪದಪದವಾಗಿ ಅಳೆಯುವ ವಕೀಲರ ಬುದ್ಧಿ ಅದು. ಮುಂದೆ ಗಡಿ ವರದಿಯಲ್ಲೂ ಅದೇ ಬುದ್ಧಿ ಕಾಣುತ್ತದೆ.

ಎರಡನೆಯದು ಉಡುಪಿಯದು. ದಕ್ಷಿಣ ಕನ್ನಡ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಅಲ್ಲಿನ ಧಾರ್ಮಿಕ ದತ್ತಿ ಇಲಾಖೆ ಮಠದ ಆಡಳಿತದಲ್ಲಿ ಎಷ್ಟು ಕೈಹಾಕಬಹುದು ಎಂದು ಅಷ್ಟಮಠಗಳಲ್ಲೊಂದಾದ ಶಿರೂರು ಮಠ ನ್ಯಾಯಾಲಯದ ಮೆಟ್ಟಿಲೇರಿತು. 1954ರ ಮಾರ್ಚ್ 16ರಂದು ತೀರ್ಪು ಕೊಟ್ಟ ಏಳು ಮಂದಿಯ ಪೀಠದ ನೇತೃತ್ವ ಮುಖ್ಯ ನ್ಯಾಯಮೂರ್ತಿ ಮಹಾಜನ್ ಅವರದು. ತೀರ್ಪನ್ನು ಬರೆದವರು ಬಿ.ಕೆ. ಮುಖರ್ಜಿ. ಧರ್ಮಕ್ಕೆ ಅತ್ಯಗತ್ಯವಾದ ಆಚರಣೆ ಯಾವುದು, ಸರ್ಕಾರ ನಿಯಂತ್ರಿಸಬಹುದಾದ ಲೌಕಿಕ ವ್ಯವಹಾರ ಯಾವುದು ಎಂಬ ವಿಂಗಡಣೆ ಭಾರತದ ಕಾನೂನಿಗೆ ಬಂದಿದ್ದು ಈ ತೀರ್ಪಿನಿಂದ. ಇವತ್ತಿಗೂ ದೇವಸ್ಥಾನ, ಮಠ, ಮಸೀದಿಗಳ ಯಾವ ವ್ಯಾಜ್ಯ ಬಂದರೂ ವಕೀಲರು ಮೊದಲು ತೆಗೆಯುವುದು ಶಿರೂರು ಮಠದ ತೀರ್ಪನ್ನೇ. 1954ರ ಜನವರಿ 4ರಿಂದ ಡಿಸೆಂಬರ್ 22ರವರೆಗೆ, ಒಂದು ವರ್ಷವೂ ತುಂಬದಷ್ಟು ಕಾಲ, ಮಹಾಜನ್ ಮುಖ್ಯ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದರು.

ಬೆಳಗಾವಿಯ ತಕರಾರು ಆಗ ತಾನೇ ರೂಪುಗೊಳ್ಳುತ್ತಿತ್ತು. ರಾಜ್ಯಗಳನ್ನು ಭಾಷೆಯ ಆಧಾರದ ಮೇಲೆ ಮರುವಿಂಗಡಿಸಲು ನೇಮಕವಾದ ಆಯೋಗದ ಅಧ್ಯಕ್ಷರು ಅದೇ ಫಜಲ್ ಅಲಿ. 1955ರ ಸೆಪ್ಟೆಂಬರಿನಲ್ಲಿ ಅವರು ಕೊಟ್ಟ ವರದಿ, ಮರಾಠಿ ಹೆಚ್ಚಾಗಿದ್ದ ಚಂದಗಡ ತಾಲ್ಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತು. ಬೆಳಗಾವಿ ಪಟ್ಟಣದಲ್ಲಿ ಮರಾಠಿ ಮಾತನಾಡುವವರು ಬಹಳ ಇದ್ದರು. ಆಯೋಗಕ್ಕೆ ಅದು ಗೊತ್ತಿತ್ತು. ಆದರೆ ಗೋಕಾಕ, ಹುಕ್ಕೇರಿ, ಸವದತ್ತಿ, ಬೈಲಹೊಂಗಲ, ರಾಯಬಾಗದಂಥ ತಾಲ್ಲೂಕುಗಳೆಲ್ಲ ಕರ್ನಾಟಕಕ್ಕೆ ಹೋಗುವಾಗ ಅವುಗಳ ಜಿಲ್ಲಾ ಕೇಂದ್ರವನ್ನು ಕಿತ್ತು ಬೇರೆ ರಾಜ್ಯದಲ್ಲಿಡುವುದು ಆಡಳಿತದ ದೃಷ್ಟಿಯಿಂದ ಸರಿಯಲ್ಲ ಎಂಬುದು ಅದರ ವಾದ. ಬೆಳಗಾವಿ ಉಳಿದಿದ್ದು ಬೆಳಗಾವಿಯ ಜನಗಣತಿಯಿಂದ ಮಾತ್ರವಲ್ಲ, ಗೋಕಾಕ–ಹುಕ್ಕೇರಿಯ ರೈತರು ಕೋರ್ಟು, ಕಚೇರಿ, ಪೇಟೆಗೆಂದು ಹೋಗುತ್ತಿದ್ದ ದಾರಿಯಿಂದಲೂ ಹೌದು. ಗಡಿಯ ಚರ್ಚೆಯಲ್ಲಿ ಈ ಅಂಶ ಸಾಮಾನ್ಯವಾಗಿ ಮರೆತುಹೋಗುತ್ತದೆ. ಇಲ್ಲಿನ ನೆಲವೂ ಆ ಕಡೆಗೆ ಈ ಕಡೆಗೆ ಬೆಸೆದುಕೊಂಡಿದೆ. ಹುಕ್ಕೇರಿಗೆ ತಾಗಿಕೊಂಡೇ ಮಹಾರಾಷ್ಟ್ರದ ಗಡಹಿಂಗ್ಲಜ. ಹಿರಣ್ಯಕೇಶಿ ಅಲ್ಲಿಂದ ಸಂಕೇಶ್ವರಕ್ಕೆ ಹರಿಯುತ್ತದೆ. ಚಂದಗಡದ ಕಡೆಯಿಂದ ಇಳಿದು ಬರುವ ಘಟಪ್ರಭೆ ಹಿಡಕಲ್ ದಾಟಿ ಗೋಕಾಕದಲ್ಲಿ ಧುಮುಕುತ್ತದೆ. ನೀರು, ಪೇಟೆ, ಬೀಗತನ ಯಾವುದೂ ಇಲ್ಲಿ ಭಾಷೆಯ ಗೆರೆ ಹಿಡಿದು ನಡೆದದ್ದಲ್ಲ.

1956ರ ನವೆಂಬರ್ 1ರಂದು ಹೊಸ ಮೈಸೂರು ರಾಜ್ಯ ಬಂತು. ಮರುವರ್ಷವೇ ಮುಂಬಯಿ ಸರ್ಕಾರ 814 ಹಳ್ಳಿಗಳು ತನಗೆ ಸೇರಬೇಕೆಂದು ಕೇಳಿತು. 1960ರಲ್ಲಿ ಹುಟ್ಟಿದ ಮಹಾರಾಷ್ಟ್ರ ಆ ಬೇಡಿಕೆಯನ್ನು ಮುಂದುವರಿಸಿತು. ಹಳ್ಳಿಯನ್ನೇ ಘಟಕವಾಗಿ ಹಿಡಿಯಬೇಕು, ಭಾಷಾ ಬಹುಮತ ನೋಡಬೇಕು, ಹಳ್ಳಿ ಹಳ್ಳಿ ತಾಗಿಕೊಂಡಿರಬೇಕು, ಜನರ ಇಚ್ಛೆ ಕೇಳಬೇಕು ಎಂಬುದು ಅದರ ಸೂತ್ರ. ಆಂಧ್ರ–ಮದರಾಸು ಗಡಿಗೆ ಎಚ್.ವಿ. ಪಾಟಸ್ಕರ್ ಅನ್ವಯಿಸಿದ ಸೂತ್ರದ ಬೆಂಬಲ ಅದಕ್ಕಿತ್ತು. ಮೈಸೂರಿನ ಉತ್ತರ: ಗಡಿ ಈಗಾಗಲೇ ತೀರ್ಮಾನವಾಗಿದೆ, ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆಗಿಂತ ಹೆಚ್ಚೇನೂ ಬೇಡ. 1960ರಲ್ಲಿ ಎರಡೂ ರಾಜ್ಯಗಳ ಇಬ್ಬಿಬ್ಬರು ಪ್ರತಿನಿಧಿಗಳಿದ್ದ ನಾಲ್ವರ ಸಮಿತಿ ಕೂಡಿತು. ಪಂಜಾಬಿನಲ್ಲಿ ಆದದ್ದೇ ಇಲ್ಲೂ ಆಯಿತು. ಇಬ್ಬರು ಆ ಕಡೆ, ಇಬ್ಬರು ಈ ಕಡೆ.

1966ರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರು ಗಡಿ ಪ್ರಶ್ನೆಗಾಗಿ ಮುಂಬಯಿಯಲ್ಲಿ ಉಪವಾಸ ಕುಳಿತ ಮೇಲೆ ವಿಷಯ ಕಾವೇರಿತು. ಮಹಾರಾಷ್ಟ್ರದಲ್ಲಿ ವಸಂತರಾವ್ ನಾಯಕ್, ಮೈಸೂರಿನಲ್ಲಿ ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಗಳು, ದೆಹಲಿಯಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾಗಿ ಆಗಿನ್ನೂ ಒಂದು ವರ್ಷವೂ ಆಗಿರಲಿಲ್ಲ. ಅಕ್ಟೋಬರ್ 25ರಂದು ಕೇಂದ್ರ ಸರ್ಕಾರ ಏಕಸದಸ್ಯ ಆಯೋಗ ನೇಮಿಸಿತು. ಪಕ್ಷಕ್ಕಿಬ್ಬರು ಎಂಬ ಪದ್ಧತಿ ಎರಡು ಸಲ ಸೋತದ್ದನ್ನು ನೋಡಿದರೆ, ಒಬ್ಬರೇ ಇರಲಿ ಎಂದದ್ದರಲ್ಲಿ ಅಚ್ಚರಿಯಿಲ್ಲ. ಆ ಒಬ್ಬರು, ಇಪ್ಪತ್ತು ವರ್ಷದ ಹಿಂದೆ ಇನ್ನೊಂದು ಗಡಿಯ ಮೇಲೆ ಒಂದು ಪಕ್ಷದ ಪರವಾಗಿ ಕುಳಿತಿದ್ದವರು. ಈಗ ಎರಡೂ ಪಕ್ಷಗಳಿಗೆ ಹೊರಗಿನವರು. ಕನ್ನಡವೂ ಅವರದಲ್ಲ, ಮರಾಠಿಯೂ ಅವರದಲ್ಲ. ವಯಸ್ಸು ಎಪ್ಪತ್ತಾರು.

ಕೇರಳಕ್ಕೆ ಸೇರಿದ್ದ ಕಾಸರಗೋಡಿನ ಪ್ರಶ್ನೆಯೂ ಇದೇ ಆಯೋಗದ ಮುಂದಿತ್ತು. ಮಹಾಜನ್ ಗಡಿ ಪ್ರದೇಶಗಳಲ್ಲಿ ಸುತ್ತಿದರು. ಎರಡು ಸಾವಿರಕ್ಕೂ ಹೆಚ್ಚು ಮನವಿಗಳು ಬಂದವು. ಏಳು ಸಾವಿರಕ್ಕೂ ಹೆಚ್ಚು ಜನ ಹೇಳಿಕೆ ಕೊಟ್ಟರು. ಹತ್ತು ತಿಂಗಳಲ್ಲಿ ಕೆಲಸ ಮುಗಿಸಿ 1967ರ ಆಗಸ್ಟಿನಲ್ಲಿ ವರದಿ ಒಪ್ಪಿಸಿದರು. ಕೇಳಿದಷ್ಟು ಕಾಲವೂ ವಿಸ್ತರಣೆ ಸಿಗುವ ಈಗಿನ ಆಯೋಗಗಳ ನಡಿಗೆ ಕಂಡವರಿಗೆ ಈ ವೇಗ ನಂಬಲು ಕಷ್ಟ.

ಶಿಫಾರಸುಗಳ ಸಾರ ಇಷ್ಟು. ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಬೇಕು. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿದಂತೆ 264 ಹಳ್ಳಿ–ಪಟ್ಟಣಗಳು ಮಹಾರಾಷ್ಟ್ರಕ್ಕೆ ಹೋಗಬೇಕು. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗಗಳ 247 ಹಳ್ಳಿಗಳು ಮೈಸೂರಿಗೆ ಬರಬೇಕು. ಕಾಸರಗೋಡು ತಾಲ್ಲೂಕಿನಲ್ಲಿ ಚಂದ್ರಗಿರಿ ನದಿಯ ಉತ್ತರದ ಭಾಗ ಕೇರಳದಿಂದ ಮೈಸೂರಿಗೆ ಸೇರಬೇಕು.

ಬೆಳಗಾವಿ ನಗರದ ವಿಷಯದಲ್ಲಿ ಮಹಾಜನ್ ಕೊಟ್ಟ ಮುಖ್ಯ ಕಾರಣ, ನಗರದ ಮೂರು ದಿಕ್ಕಿಗೂ ಕನ್ನಡದ ಹಳ್ಳಿಗಳಿವೆ ಎಂಬುದು. ಎಲ್ಲ ಸಾಮಗ್ರಿಯನ್ನು ತೂಗಿ ನೋಡಿದ ಮೇಲೂ ನಗರವನ್ನು ಮಹಾರಾಷ್ಟ್ರಕ್ಕೆ ಕೊಡಿ ಎಂದು ಶಿಫಾರಸು ಮಾಡಲಾರೆ ಎಂಬ ತೀರ್ಮಾನಕ್ಕೆ ಅವರು ಬಂದರು. ಹಳ್ಳಿಗಳ ಮಟ್ಟಿಗೆ ಭಾಷಾ ಬಹುಮತ ಮತ್ತು ತಾಗುವಿಕೆಗೆ ಬೆಲೆ ಕೊಟ್ಟರು. ನಗರದ ಮಟ್ಟಿಗೆ ಅದರ ಸುತ್ತಲ ಸೀಮೆಗೆ, ಇತಿಹಾಸಕ್ಕೆ, ಆಡಳಿತದ ಅನುಕೂಲಕ್ಕೆ ಹೆಚ್ಚು ಬೆಲೆ ಕೊಟ್ಟರು. ಪಂಜಾಬಿನಲ್ಲಿ ‘ಇತರ ಅಂಶ’ಗಳ ಪರವಾಗಿದ್ದವರು ಬೆಳಗಾವಿಯಲ್ಲೂ ತಲೆಯೆಣಿಕೆಯೊಂದನ್ನೇ ನೆಚ್ಚಲಿಲ್ಲ. ಟೀಕಾಕಾರರು ಹಿಡಿದದ್ದು ಇದನ್ನೇ: ಖಾನಾಪುರಕ್ಕೆ ಒಂದು ಅಳತೆ, ಬೆಳಗಾವಿಗೆ ಇನ್ನೊಂದು ಏಕೆ? ಮಹಾರಾಷ್ಟ್ರದ ಎ.ಆರ್. ಅಂತುಳೆ ವರದಿಯನ್ನು ಬಿಡಿಸಿ ಖಂಡಿಸಲೆಂದೇ ಒಂದು ಪುಸ್ತಕ ಬರೆದರು. ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಹಳ್ಳಿಗೂ ಒಂದು ಜಿಲ್ಲಾ ಕೇಂದ್ರಕ್ಕೂ ಒಂದೇ ಅಳತೆ ಬಳಸುವುದು ನ್ಯಾಯವೇ ಎಂಬ ಮರುಪ್ರಶ್ನೆಗೆ ಅದರಲ್ಲಿ ಸಮಾಧಾನವಾಗುವ ಉತ್ತರ ಸಿಗುವುದಿಲ್ಲ. ಬೆಳಗಾವಿಯನ್ನು ಹಳ್ಳಿಯಂತೆ ಎಣಿಸಿದ್ದರೆ, ಐವತ್ತು–ಎಪ್ಪತ್ತು ಕಿಲೋಮೀಟರಿನಿಂದ ಜಿಲ್ಲಾ ಕಚೇರಿಗೆ ಬರುತ್ತಿದ್ದ ಹುಕ್ಕೇರಿ, ಗೋಕಾಕಗಳವರ ಲೆಕ್ಕವನ್ನು ಯಾರೂ ಕೇಳಿದಂತಾಗುತ್ತಿರಲಿಲ್ಲ.

ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು. ಮೈಸೂರು ಒಪ್ಪಿತು. ಆಯೋಗ ಬೇಕೆಂದು ಒತ್ತಾಯಿಸಿದ್ದೇ ಮಹಾರಾಷ್ಟ್ರ, ಈಗ ಒಲ್ಲೆ ಎನ್ನುವುದು ಹೇಗೆ ಎಂಬುದು ಕರ್ನಾಟಕ ಇಂದಿಗೂ ಮುಂದಿಡುವ ವಾದ. ಕೇರಳದಲ್ಲಿ ಆಗ ಇ.ಎಂ.ಎಸ್. ನಂಬೂದಿರಿಪಾಡ್ ನೇತೃತ್ವದ ಸರ್ಕಾರವಿತ್ತು, ಅದೂ ಒಪ್ಪಲಿಲ್ಲ. ಇಲ್ಲಿ ಒಂದು ವಿಚಿತ್ರ ಯೋಗಾಯೋಗವಿದೆ. ಆಗ ಕಾಸರಗೋಡಿನ ಸಂಸದರಾಗಿದ್ದವರು, 1950ರಲ್ಲಿ ಯಾರ ಬಂಧನವನ್ನು ಮಹಾಜನ್ ಒಪ್ಪಿರಲಿಲ್ಲವೋ ಅದೇ ಎ.ಕೆ. ಗೋಪಾಲನ್. ಕಾಸರಗೋಡು ಕರ್ನಾಟಕಕ್ಕೆ ಸೇರಲೆಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈ ಮತ್ತು ಸಂಗಡಿಗರಿಗೆ ವರದಿ ದೊಡ್ಡ ಬಲವಾಯಿತು, ಆದರೆ ಚಂದ್ರಗಿರಿಯ ಉತ್ತರಭಾಗ ಕೇರಳದಲ್ಲೇ ಉಳಿಯಿತು.

ಕಾನೂನಿನ ದೃಷ್ಟಿಯಿಂದ ಇದರಲ್ಲಿ ಗೋಜಲಿಲ್ಲ. ಸಂವಿಧಾನದ ಮೂರನೆಯ ವಿಧಿಯಂತೆ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಆಯೋಗದ ಮಾತು ಶಿಫಾರಸು, ತೀರ್ಪಲ್ಲ. ಜೀವನವಿಡೀ ತೀರ್ಪು ಬರೆದವರ ಕೊನೆಯ ಬರಹಕ್ಕೆ ತೀರ್ಪಿನ ಬಲವಿರಲಿಲ್ಲ. ಸಂಸತ್ತು ಅದನ್ನು ಕಾಯ್ದೆಯಾಗಿಸಲಿಲ್ಲ. ಹೀಗಾಗಿ 1956ರ ಗೆರೆಯೇ ನಿಂತಿತು. ವರದಿಯ ಮೇರೆಗೆ ಒಂದು ಹಳ್ಳಿಯೂ ಆ ಕಡೆ ಹೋಗಲಿಲ್ಲ, ಈ ಕಡೆ ಬರಲಿಲ್ಲ.

ಆದರೂ ಅದರ ತರ್ಕ ಜಿಲ್ಲೆಯ ಆಡಳಿತವನ್ನು ಬಿಟ್ಟಿಲ್ಲ. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡಿದಾಗ ಗೋಕಾಕ ಮತ್ತು ಚಿಕ್ಕೋಡಿಯನ್ನೂ ಜಿಲ್ಲೆಗಳೆಂದು ಘೋಷಿಸಿ, ಕನ್ನಡ ಸಂಘಟನೆಗಳ ವಿರೋಧ ಬಂದ ಮೇಲೆ ಹಿಂದಕ್ಕೆ ಪಡೆಯಿತು. ಕನ್ನಡದ ತಾಲ್ಲೂಕುಗಳನ್ನು ಬೇರ್ಪಡಿಸಿದರೆ ಉಳಿದ ಬೆಳಗಾವಿಯಲ್ಲಿ ಮರಾಠಿಯ ಪ್ರಮಾಣ ಏರಿ, ಗಡಿಯ ವಾದ ಸಡಿಲಾಗುತ್ತದೆ ಎಂಬುದು ಅವರ ಆತಂಕ. ಗೋಕಾಕ–ಹುಕ್ಕೇರಿಗಳಿಗಾಗಿ ಬೆಳಗಾವಿ ಎಂದಿದ್ದ ವಾದ, ಬೆಳಗಾವಿಗಾಗಿ ಗೋಕಾಕ–ಹುಕ್ಕೇರಿ ಎಂದು ತಿರುಗಿತು. ಗೋಕಾಕದಿಂದ ಬೇರ್ಪಟ್ಟ ಮೂಡಲಗಿ 2018ರಲ್ಲಿ ತಾಲ್ಲೂಕಾಯಿತು, ಆದರೆ ಅಲ್ಲಿನವರ ಜಿಲ್ಲಾ ಕೇಂದ್ರ ಇನ್ನೂ ದೂರದ ಬೆಳಗಾವಿಯೇ. ಜಿಲ್ಲೆ ಒಡೆಯಬೇಕೆಂಬ ಕೂಗು ಪ್ರತಿ ಚಳಿಗಾಲದ ಅಧಿವೇಶನದ ಹೊತ್ತಿಗೆ ಏಳುತ್ತದೆ. ಗಡಿಯ ನೆವದಲ್ಲಿ ಮುಂದಕ್ಕೆ ಹೋಗುತ್ತದೆ. ಆ ಅಧಿವೇಶನ ನಡೆಯುವ ಬೆಳಗಾವಿಯ ಸುವರ್ಣ ವಿಧಾನಸೌಧವೂ, 2012ರಲ್ಲಿ ಉದ್ಘಾಟನೆಗೊಂಡದ್ದು, ಇದೇ ತಕರಾರಿಗೆ ಕರ್ನಾಟಕ ಕಲ್ಲಿನಲ್ಲಿ ಕೊಟ್ಟ ಉತ್ತರ.

2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಈಗಿನ ಬೇಡಿಕೆ 865 ಹಳ್ಳಿ–ಪಟ್ಟಣಗಳದು. 2022ರ ಡಿಸೆಂಬರಿನಲ್ಲಿ ಮತ್ತೆ ಬಸ್ಸುಗಳಿಗೆ ಕಲ್ಲು ಬಿದ್ದವು, ಎರಡೂ ವಿಧಾನಮಂಡಲಗಳು ಎದುರುಬದುರು ನಿರ್ಣಯ ಮಾಡಿದವು. ಮಹಾಜನ್ ಒಮ್ಮೆ ಮುಖ್ಯಸ್ಥರಾಗಿದ್ದ ನ್ಯಾಯಾಲಯದ ಮುಂದೆ ಅವರ ವರದಿಯ ವಿಷಯವೇ ಬಂದು ನಿಂತಿದೆ.

ಉತ್ತರ ಭಾರತದಲ್ಲಿ ಮಹಾಜನ್ ಅವರ ನೆನಪು ಇನ್ನೊಂದು ಬಗೆಯದು. ಡಿಎವಿ ಶಿಕ್ಷಣ ಸಂಸ್ಥೆಗಳಿಗೆ ದುಡಿದವರೆಂದು ಅವರ ಹೆಸರನ್ನು ಚಂಡೀಗಡದ ಮಹಿಳಾ ಕಾಲೇಜಿಗೆ ಇಡಲಾಗಿದೆ. ಕರ್ನಾಟಕದಲ್ಲಿ ಅವರು ಒಂದು ಘೋಷಣೆಯಾಗಿ ಮಾತ್ರ ಉಳಿದಿದ್ದಾರೆ, ಆ ಘೋಷಣೆಯೂ ಅರ್ಧ ವರದಿಯದು. ‘ಅಂತಿಮ’ ಎನ್ನುವವರು ಬೆಳಗಾವಿಯ ಜೊತೆಗೆ ನಿಪ್ಪಾಣಿ, ಖಾನಾಪುರಗಳ ಶಿಫಾರಸನ್ನೂ ಓದಬೇಕು. ‘ಅನ್ಯಾಯ’ ಎನ್ನುವವರು 264ರ ಪಟ್ಟಿಯನ್ನೂ ನೋಡಬೇಕು. ವರದಿಯನ್ನು ಇಡಿಯಾಗಿ ಒಪ್ಪಲು 1967ರಲ್ಲಿ ಮಹಾರಾಷ್ಟ್ರ ಸಿದ್ಧವಿರಲಿಲ್ಲ. ಇವತ್ತು ನಿಪ್ಪಾಣಿಯನ್ನೂ ಖಾನಾಪುರವನ್ನೂ ಬಿಟ್ಟುಕೊಡಲು ಕರ್ನಾಟಕದ ಯಾವ ಪಕ್ಷವೂ ಸಿದ್ಧವಿಲ್ಲ.